ಬಾಳವ್ವನ ಮೊದಲ ಕೊಪ್ಪರಿಗೆ

ವರದಾ ಹೊಳೆಯ ದಂಡೆಗೆ ಒಂದು ಸಣ್ಣ ಮಠ. ಮಠದಲ್ಲಿ ಇಬ್ಬರೇ. ಗುರು ಅಡವಯ್ಯಜ್ಜ, ಶಿಷ್ಯ ರುದ್ರಮುನಿ.

ಬೆಳಿಗ್ಗೆ ಊರೊಳಗೆ ಹೋಗಿ ಭಿಕ್ಷೆ ತರುವುದು ಶಿಷ್ಯನ ಕೆಲಸ. ತಂದದ್ದನ್ನು ಎರಡು ಪಾಲು ಮಾಡುತ್ತಿದ್ದ. ಗುರುಗಳ ಪಾಲನ್ನು ಗುರುಗಳ ಮುಂದಿಟ್ಟು, ತನ್ನ ಪಾಲು ಹಿಡಿದುಕೊಂಡು ಹೊಳೆಗೆ ಇಳಿಯುತ್ತಿದ್ದ.

ಇಳಿದು ಅದನ್ನು ನೀರಿನಲ್ಲಿ ತೊಳೆಯುತ್ತಿದ್ದ. ಪಲ್ಯದ ಖಾರ ಹೋಗಬೇಕು, ಸಾರಿನ ಹುಳಿ ಹೋಗಬೇಕು, ಸಜ್ಜಕದ ಸಿಹಿ ಹೋಗಬೇಕು. ಎಲ್ಲ ಹೋದ ಮೇಲೆ ಉಳಿದ ನೆನೆದ ರೊಟ್ಟಿಯನ್ನು ಕಣ್ಣು ಮುಚ್ಚಿ ನುಂಗುತ್ತಿದ್ದ. ನಾಲಿಗೆಯನ್ನು ಗೆಲ್ಲಬೇಕು ಅನ್ನುವುದು ಅವನ ಹಟ.

ಈ ಹಟ ಹುಟ್ಟಿದ್ದು ಗುರುಗಳನ್ನು ನೋಡಿಯೇ.

ಹೋದ ವರ್ಷ ಒಂದು ದಿನ ಯಾರದೋ ಮನೆಯ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಅಜ್ಜ ಒಂದು ಮಾತಾಡದೆ ಉಂಡರು. ಇನ್ನೊಂದು ದಿನ ರೊಟ್ಟಿ ಸೀದು ಕರಿಯಾಗಿತ್ತು. ಅದನ್ನೂ ಉಂಡರು. ಮತ್ತೊಂದು ದಿನ ಗೌಡರ ಮನೆಯಿಂದ ತುಪ್ಪ ಸುರಿದ ಹೋಳಿಗೆ ಬಂತು. ಅದನ್ನೂ ಹಾಗೆಯೇ ಉಂಡರು. ಸೀದ ರೊಟ್ಟಿಗೂ ಅದೇ ಮುಖ, ಹೋಳಿಗೆಗೂ ಅದೇ ಮುಖ.

ರುದ್ರಮುನಿ ಮನಸ್ಸಿನಲ್ಲೇ ಅಡ್ಡಬಿದ್ದ. ವೈರಾಗ್ಯ ಅಂದರೆ ಇದು. ತನಗೂ ಇದು ಬೇಕು.

ತನಗೆ ಬೇಕಾದದ್ದಷ್ಟೇ ಆಗಿದ್ದರೆ ಸರಿ. ಭಿಕ್ಷೆಗೆ ಹೋದಲ್ಲೆಲ್ಲ ಹೇಳಿಕೊಂಡೂ ಬಂದ. ಅಜ್ಜಾರು ರುಚಿಯನ್ನು ಗೆದ್ದಿದ್ದಾರೆ ಅಂತ ಊರೆಲ್ಲ ಕೈ ಮುಗಿಯಿತು.

ಅಜ್ಜ ಒಮ್ಮೆ ಕೇಳಿದರು:

"ಏನೋ ತಮ್ಮಾ, ಈ ವರ್ಷ ಹೊಳ್ಯಾಗ ಮೀನು ಭಾಳ ದಪ್ಪ ಆಗ್ಯಾವಲ್ಲ?"

"ಗೊತ್ತಿಲ್ರಿ ಅಜ್ಜಾರ."

"ನನಗ ಗೊತ್ತು. ಗಂಗವ್ವ ನಿನಗ ರೊಟ್ಟಿ ಜೋಡಿ ನೀಡಿದ ಶೇಂಗಾ ಹಿಂಡಿ ಅವಕ್ಕ ಮೈಗೆ ಹತ್ತೈತಿ."

ರುದ್ರಮುನಿ ನಕ್ಕು ಸುಮ್ಮನಾದ. ಗುರುಗಳು ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡ. ಅವನಿಗೆ ಆ ದಿನಗಳಲ್ಲಿ ಎಲ್ಲವೂ ಪರೀಕ್ಷೆಯಾಗಿಯೇ ಕಾಣುತ್ತಿತ್ತು.

ಚಳಿ ಹಿಡಿಯಿತು. ಕಬ್ಬು ಕಡಿಯುವ ಕಾಲ ಬಂತು. ಊರ ಅಂಚಿನ ಗಾಣದ ಮನೆಯಲ್ಲಿ ಒಲೆ ಹೊತ್ತಿತು. ಕಬ್ಬಿನ ಹಾಲು ಕುದಿಯುವ ವಾಸನೆ ಗದ್ದೆ ದಾಟಿ ಮಠದ ಬಾಗಿಲಿಗೂ ಬಂತು. ಆ ವಾಸನೆ ಬಂದಾಗ ಆ ಊರಲ್ಲಿ ಜಗಳ ಕೂಡ ಅರ್ಧಕ್ಕೆ ನಿಲ್ಲುತ್ತದೆ ಅಂತ ಹೇಳುತ್ತಾರೆ. ಹೇಳುವವರು ಆ ಊರಿನವರೇ, ಸ್ವಲ್ಪ ಹೆಚ್ಚು ಹೇಳಿರಬಹುದು. ಆದರೆ ವಾಸನೆ ಮಾತ್ರ ಅಂಥದ್ದೇ.

ಅಜ್ಜ ಶಿಷ್ಯನನ್ನು ಕರೆದರು.

"ಇವತ್ತ ಗಾಣದ ಭರಮಪ್ಪನ ಸೊಸಿ ಬಾಳವ್ವ ಮೊದಲನೇ ಕೊಪ್ಪರಿಗಿ ಇಳಸ್ತಾಳ. ನೀ ಹೋಗು."

"ಹೋಗಿ ಏನು ಮಾಡ್ಲಿರಿ?"

"ಕೊಟ್ಟದ್ದು ತಿಂದು ಬಾ."

"ನೀವು ಬರೂದಿಲ್ರಿ?"

ಅಜ್ಜ ಹೊಳೆಯ ಕಡೆ ನೋಡಿದರು.

"ನಾ ಬಂದು ಉಪಯೋಗ ಇಲ್ಲ."

ದೊಡ್ಡ ಪರೀಕ್ಷೆ ಇದೇ ಅಂತ ರುದ್ರಮುನಿ ಹೊರಟ.

ಗಾಣದ ಮನೆಯ ಮುಂದೆ ಕಬ್ಬು ತುಂಬಿದ ಚಕ್ಕಡಿಗಳು ಸಾಲಾಗಿ ನಿಂತಿದ್ದವು. ಯಾರೂ ಕಬ್ಬು ಇಳಿಸಿರಲಿಲ್ಲ, ಎತ್ತಿನ ಕೊರಳಿನ ನೊಗವನ್ನೂ ಇಳಿಸಿರಲಿಲ್ಲ. ಒಲೆಯ ಮೇಲೆ ಕುದಿಯುತ್ತಿದ್ದದ್ದು ಗಾಣದವರ ಸ್ವಂತ ಹೊಲದ ಕಬ್ಬಿನ ಹಾಲು.

ಊರಿನ ಕಬ್ಬಿನ ಹಾಲನ್ನೆಲ್ಲ ಇಷ್ಟು ವರ್ಷ ಕಾಯಿಸಿದವನು ಮುದುಕ ಭರಮಪ್ಪ. ಈಗ ಕಣ್ಣಿಗೆ ಪೊರೆ ಬಂದು ಪಾಕದ ಬಣ್ಣ ತಿಳಿಯುತ್ತಿರಲಿಲ್ಲ. ಪಾಕ ತಿರುವುವ ಉದ್ದ ಹಿಡಿಕೆಯ ಹುಟ್ಟನ್ನು ಮಗನಿಗೆ ಕೊಡಲಿಲ್ಲ. ಮಗ ಗಾಣದ ಎತ್ತುಗಳ ಹಿಂದೆ ಸುತ್ತಿದವನು. ಒಲೆಯ ಮುಂದೆ ಮಾವನ ಮಗ್ಗುಲಿಗೆ ನಿಂತು ಕಲಿತವಳು ಸೊಸೆ. ಅವಳಿಗೇ ಕೊಟ್ಟ.

ಊರಿಗೆ ಇದು ಅಷ್ಟಾಗಿ ಸೇರಲಿಲ್ಲ. ಎಲ್ಲರಿಗಿಂತ ಹೆಚ್ಚು ಕಬ್ಬು ಬೆಳೆಯುವ ನಿಂಗನಗೌಡ ಬಾಯಿ ಬಿಟ್ಟೇ ಹೇಳಿದ್ದ: "ರೊಟ್ಟಿ ಬಡಿಯೋ ಕೈಯಾಗ ಊರ ಕೊಪ್ಪರಿಗಿ ಕೊಡೂದೇನು? ನೋಡೂಣು. ಮೊದಲನೇದು ಇಳೀಲಿ."

ಹೀಗೆ ಎಲ್ಲರೂ ನೋಡುತ್ತ ನಿಂತಿದ್ದರು. ಬಾಳವ್ವ ಮಾತ್ರ ಯಾರನ್ನೂ ನೋಡುತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುದಿಯುವ ಹಾಲಿಗೆ ಚಿಟಿಕೆ ಸುಣ್ಣ, ಬೆಂಡೆಗಿಡದ ಲೋಳೆ ಹಾಕಿ, ಮೇಲೆ ಬಂದ ಕೊಳೆಯನ್ನು ಜರಡಿಯಲ್ಲಿ ಎತ್ತಿ ಎತ್ತಿ ಹಾಕುತ್ತಿದ್ದಳು. ನೊರೆ ಬಿಳಿಯಿಂದ ಹಳದಿಗೆ ತಿರುಗಿತು. ಹುಟ್ಟಿನ ತುದಿಯಿಂದ ಒಂದು ಹನಿ ತೆಗೆದು ಬೆರಳ ನಡುವೆ ಎಳೆದಳು. ಸಣ್ಣ ಎಳೆ ಬಂತು.

"ಇಳಸ್ರಿ!"

ಗಂಡಸರು ಕೊಪ್ಪರಿಗೆಯನ್ನು ಒಲೆಯಿಂದ ಇಳಿಸಿ ಮರದ ಮರಿಗೆಗೆ ಸುರಿದರು. ಅಚ್ಚಿಗೆ ಹೊಯ್ಯುವ ಗಟ್ಟಿ ಬೆಲ್ಲವಲ್ಲ ಅದು. ಅದಕ್ಕೂ ಮುಂಚೆ ಇಳಿಸುವ ಜೋನಿಬೆಲ್ಲ. ಮರಿಗೆಯಲ್ಲಿ ಮೆಲ್ಲಗೆ ಮಡಿಕೆ ಮಡಿಕೆಯಾಗಿ ಬಿದ್ದು ಹೊನ್ನಿನ ಬಣ್ಣಕ್ಕೆ ನಿಂತಿತು. ಅಂಥ ಬಣ್ಣ ನೋಡಿಯೂ ಸುಮ್ಮನೆ ನಿಂತವರ ಬಿಗುಮಾನ ದೊಡ್ಡದು.

ಬಾಳವ್ವ ಮುತ್ತುಗದೆಲೆಯ ದೊನ್ನೆ ತುಂಬಿ ರುದ್ರಮುನಿಯ ಮುಂದೆ ಹಿಡಿದಳು.

"ತಗೋರಿ ಸ್ವಾಮ್ಯಾರ. ಮೊದಲನೇ ದೊನ್ನಿ ಮಠಕ್ಕ."

ಬಿಸಿ ಬೆಲ್ಲದ ಹಬೆ ಮುಖಕ್ಕೆ ಬಡಿಯಿತು. ರುದ್ರಮುನಿಯ ಬಾಯಲ್ಲಿ ನೀರೂರಿತು. ಅವನಿಗೆ ನಿಜವಾಗಿ ಹೆದರಿಕೆಯಾಯಿತು. ವರ್ಷದ ಸಾಧನೆ ಒಂದು ದೊನ್ನೆಯಲ್ಲಿ ಮುಳುಗಿಹೋಗುವ ಹಾಗಿತ್ತು.

ಪಕ್ಕದಲ್ಲಿ ನೀರಿನ ಕೊಡ ಇತ್ತು. ತಂಬಿಗೆಯಲ್ಲಿ ನೀರು ಮೊಗೆದು ದೊನ್ನೆಗೆ ಸುರಿದ. ಬೆರಳಿನಿಂದ ಕಲಕಿ ಚೆಲ್ಲಿದ. ಮತ್ತೆ ಸುರಿದ, ಮತ್ತೆ ಚೆಲ್ಲಿದ. ಕೊನೆಗೆ ಉಳಿದ ಸಪ್ಪೆ ನೀರನ್ನು ಕಣ್ಣು ಮುಚ್ಚಿ ಕುಡಿದ. ದೊನ್ನೆ ಕೆಳಗಿಟ್ಟ.

ಕಣ್ಣು ಬಿಟ್ಟಾಗ ಎಲ್ಲರೂ ಮಾತಿಲ್ಲದೆ ನಿಂತಿದ್ದರು. ಭಕ್ತಿಯಿಂದ ನಿಂತಿದ್ದಾರೆ ಅಂದುಕೊಂಡ. ಗೆದ್ದೆ ಅನ್ನಿಸಿತು. ಕೈ ಮುಗಿದು ಮಠದ ದಾರಿ ಹಿಡಿದ.

ಅವನು ಬೇರೆ ಸೀಮೆಯಿಂದ ಬಂದವನು. ಆ ಊರಿನ ಒಂದು ರೂಢಿ ಅವನಿಗೆ ಗೊತ್ತಿರಲಿಲ್ಲ. ಹೊಸ ಕೈ ಕೊಪ್ಪರಿಗೆ ಇಳಿಸಿದಾಗ ಮೊದಲ ದೊನ್ನೆ ಮಠಕ್ಕೆ. ಬಾಯಿಮಾತಿನ ಹೊಗಳಿಕೆಗೆ ಅಲ್ಲಿ ಬೆಲೆಯಿಲ್ಲ. ಮಠದವರು ತಿಂದು ತಾವಾಗಿ ಎರಡನೇ ಸಲ ದೊನ್ನೆ ಚಾಚಿದರೆ ಆ ಕೈ ಊರಿನ ಕೈ. ಚಾಚದಿದ್ದರೆ ಆ ಕೈ ಕೊಪ್ಪರಿಗೆ ಬಿಡಬೇಕು.

ಇಲ್ಲಿ ಚಾಚುವ ಮಾತು ಹಾಗಿರಲಿ, ಕೊಟ್ಟದ್ದನ್ನೇ ತೊಳೆದು ಚೆಲ್ಲಿಯಾಗಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ರುದ್ರಮುನಿ ಅರ್ಧ ದಾರಿಗೆ ಬರುವಷ್ಟರಲ್ಲಿ ಹಿಂದಿನಿಂದ ಒಂದು ಚಕ್ಕಡಿ ಬಂತು. ಕಬ್ಬು ಹೇರಿದ ಹಾಗೇ ಇತ್ತು.

"ಯಾ ಕಡೆ ಹೊಂಟ್ರಿ?" ಅಂತ ರುದ್ರಮುನಿ ಕೇಳಿದ.

"ಹೊಳಿ ಆಚೀಕಿನ ಗಾಣಕ್ಕ್ರಿ."

"ಯಾಕ? ಇಲ್ಲೇ ಗಾಣ ಐತೆಲ್ಲ."

ಚಕ್ಕಡಿ ಹೊಡೆಯುವವನು ಅವನನ್ನು ವಿಚಿತ್ರವಾಗಿ ನೋಡಿದ.

"ನೀವ ತೋರ್ಸಿದ್ರೆಲ್ರಿ ಸ್ವಾಮ್ಯಾರ. ತೊಳದು ಚೆಲ್ಲೂವಂಥ ಬೆಲ್ಲ ಕಾಸೂ ಕೈಗೆ ನಾವು ಕಬ್ಬು ಕೊಡೂದೇನ್ರಿ? ಪಾಪ, ಆಕಿ ಹುಟ್ಟು ಕೆಳಗಿಟ್ಲು."

ಚಕ್ಕಡಿ ಮುಂದೆ ಹೋಯಿತು. ರುದ್ರಮುನಿ ಮಠದ ಕಡೆ ಓಡಿದ.

ಅಜ್ಜ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದರು. ಶಿಷ್ಯನನ್ನು ಕಂಡದ್ದೇ ಎದ್ದುನಿಂತರು.

"ಹೆಂಗಿತ್ತೋ? ಬಾಯಾಗ ಇಟ್ಟಕೂಡ್ಲೇ ಕರಗ್ತೋ, ಒಂದೀಟು ನಿಂತು ಕರಗ್ತೋ? ಹೊಳೀಸಾಲ ಹೊಲದ ಕಬ್ಬು, ಕಡೀಕ ಗಂಟಲಾಗ ಸಣ್ಣಗ ಉಪ್ಪುಪ್ಪು ಬರ್ತೈತಿ. ಬಂತೇನು? ಹೊಗಿ ವಾಸನಿ ಇತ್ತೇನು? ಇರಬೇಕು, ಆದ್ರ ಭಾಳ ಇರಬಾರದು. ಹೇಳಲ್ಲ!"

ಗುರುಗಳು ಇಷ್ಟು ಮಾತಾಡಿದ್ದನ್ನು ರುದ್ರಮುನಿ ಎಂದೂ ಕೇಳಿರಲಿಲ್ಲ.

"ಗೊತ್ತಿಲ್ರಿ ಅಜ್ಜಾರ."

"ಗೊತ್ತಿಲ್ಲ?"

"ತೊಳದು ಕುಡದೆ."

ಅಜ್ಜ ಕಟ್ಟೆಯಿಂದ ಇಳಿದು ಹತ್ತಿರ ಬಂದರು.

"ಎಲ್ಲಾರ ಮುಂದ?"

"ಹೂಂನ್ರಿ. ಈಗ ಚಕ್ಕಡಿ ಹೊಳ್ಳಿ ಹೊಂಟಾವ್ರಿ. ಬಾಳವ್ವ ಹುಟ್ಟು ಕೆಳಗಿಟ್ಲಂತ. ನನ್ನಿಂದ ತಪ್ಪಾತ್ರಿ."

ಅಜ್ಜ ಕೋಲು ತೆಗೆದುಕೊಂಡರು.

"ನಡಿ."

ಅಜ್ಜ ಮುಂದೆ, ಶಿಷ್ಯ ಹಿಂದೆ, ಗಾಣದ ಮನೆಯ ದಾರಿ ಹಿಡಿದರು.

ಗಾಣದ ಮನೆಯ ಮುಂದೆ ಕೆಲವು ಚಕ್ಕಡಿ ಹೋಗಿದ್ದವು, ಕೆಲವು ಹೊರಡುವುದರಲ್ಲಿದ್ದವು. ಬಾಳವ್ವ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕೂತಿದ್ದಳು. ಮರಿಗೆಯಲ್ಲಿ ಬೆಲ್ಲ ಹಾಗೇ ಇತ್ತು. ಯಾರೂ ಮುಟ್ಟಿರಲಿಲ್ಲ. ಭರಮಪ್ಪ ಅದರ ಪಕ್ಕದಲ್ಲಿ ಮರಿಗೆಯ ಅಂಚು ಹಿಡಿದು ಕೂತಿದ್ದ.

ಅಜ್ಜನನ್ನು ಕಂಡು ಅವಳು ಎದ್ದಳು. ಅಳುತ್ತಿರಲಿಲ್ಲ. ಅತ್ತು ಮುಗಿದಿತ್ತು.

"ಅಜ್ಜಾರ, ಏನು ತಪ್ಪಾಗೇತಿ ಹೇಳ್ರಿ. ಸುಣ್ಣ ಹೆಚ್ಚಾತೇನ್ರಿ? ತಳ ಹತ್ತಿತೇನ್ರಿ? ನಾ ರುಚಿ ನೋಡಿದಾಗ ನನ್ನ ನಾಲಗಿಗೆ ಛಲೋ ಅನಸ್ತು. ಈಗ ನನ್ನ ನಾಲಗಿ ಮ್ಯಾಲ ನನಗ ನಂಬಿಗಿ ಇಲ್ಲ."

ಆ ಮಾತು ಕೇಳಿ ರುದ್ರಮುನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತಾನು ಹೊಳೆಗೆ ಚೆಲ್ಲಿದ್ದು ತನ್ನ ನಾಲಿಗೆಯ ರುಚಿ ಅಂತ ತಿಳಿದಿದ್ದ. ಇಲ್ಲಿ ಬೇರೆಯವಳ ನಾಲಿಗೆಯನ್ನೇ ಚೆಲ್ಲಿಬಂದಿದ್ದ.

ನಿಂಗನಗೌಡ ಮುಂದೆ ಬಂದ. ಕೆಟ್ಟ ಮನುಷ್ಯನಲ್ಲ, ಮೊಂಡ.

"ಅಜ್ಜಾರ, ಹುಡುಗನ ಮಾತು ಬಿಡ್ರಿ. ನೀವ ತಿನ್ರಿ. ನಿಮಗ ಸರಿ ಅನಸಿದ್ರ ನಾ ಈಗಿಂದೀಗ ನೊಗ ಇಳಸ್ತೀನಿ."

ರುದ್ರಮುನಿಯ ಜೀವಕ್ಕೆ ಜೀವ ಬಂತು. ಅಜ್ಜ ಒಂದು ದೊನ್ನೆ ತಿಂದರೆ ಮುಗಿಯಿತು.

ಬಾಳವ್ವ ದೊನ್ನೆ ತುಂಬಿ ಕೊಟ್ಟಳು. ಅಜ್ಜ ಎರಡೂ ಕೈಯಲ್ಲಿ ಇಸಕೊಂಡರು. ಬೆಲ್ಲದ ಬಣ್ಣವನ್ನು ತುಂಬ ಹೊತ್ತು ನೋಡಿದರು. ಆಮೇಲೆ ದೊನ್ನೆಯನ್ನು ಶಿಷ್ಯನ ಕೈಗೆ ಕೊಟ್ಟುಬಿಟ್ಟರು.

"ನಾ ಛಲೋ ಐತಿ ಅಂದ್ರ ಅದು ಸುಳ್ಳಾಗತೈತಿ."

ಎಲ್ಲರೂ ಅವರನ್ನೇ ನೋಡಿದರು.

"ಹೋದ ವರ್ಷದ ಮಳಿಗಾಲದಾಗ ನನಗ ಜ್ವರ ಬಂದಿತ್ತಲ್ಲ. ಜ್ವರ ಹೋತು. ಹೋಗೂವಾಗ ನಾಲಗಿ ರುಚಿ ಹೊತ್ತಕೊಂಡು ಹೋತು. ಅವತ್ತಿನಿಂದ ನನಗ ಬೆಲ್ಲನೂ ಒಂದ, ಬೂದಿನೂ ಒಂದ. ವಾಸನಿನೂ ಹತ್ತೂದಿಲ್ಲ. ಅದಕ್ಕ ಇವನ್ನ ಕಳಸಿದ್ದೆ."

ಆ ಜ್ವರದಲ್ಲಿ ಗಂಜಿ ಕುಡಿಸಿದವನು ರುದ್ರಮುನಿಯೇ.

"ಅಜ್ಜಾರ, ಹಂಗಾದ್ರ ಉಪ್ಪಿಲ್ಲದ ಸಾರು ಉಂಡ್ರೆಲ್ಲ... ಸೀದ ರೊಟ್ಟಿ... ಹೋಳಿಗಿ... ಎಲ್ಲಾದಕ್ಕೂ ಅದ ಮುಖ ಇತ್ತಲ್ರಿ. ಆ ವೈರಾಗ್ಯ?"

"ವೈರಾಗ್ಯ ಅಲ್ಲೋ ತಮ್ಮಾ. ಜ್ವರ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದು, ಬಾಯಿಗೆ ಕೈ ಅಡ್ಡ ಹಿಡಿದರು.

"ನನಗರ ಹೇಳಬಾರದಿತ್ತೇನ್ರಿ?"

"ಹೇಳಬೇಕಿತ್ತು. ಎಲ್ಲಾ ರುಚಿ ಹೋದ ಮ್ಯಾಲ ನನಗ ಉಳದಿದ್ದು ಅದೊಂದ ಸಿಹಿ. ನೀ ನನ್ನ ದೊಡ್ಡ ಜ್ಞಾನಿ ಅಂತ ನೋಡ್ತಿದ್ದಿ. ಊರಿಗೆಲ್ಲಾ ಹೇಳ್ತಿದ್ದಿ. ಬಿಡಾಕ ಮನಸ್ಸಾಗಲಿಲ್ಲ."

ಅಜ್ಜ ಬಾಳವ್ವನ ಕಡೆ ತಿರುಗಿದರು.

"ನನ್ನ ಸಿಹಿ ಉಳಿಸಕೊಳ್ಳಾಕ ಹೋಗಿ ನಿನ್ನ ಬೆಲ್ಲ ನೀರು ಪಾಲು ಮಾಡಿದೆ ತಾಯಿ. ಇವ ತೊಳದದ್ದು ಬೆಲ್ಲ ಕೆಟ್ಟೈತಿ ಅಂತಲ್ಲ. ನನ್ನ ನೋಡಿ."

ರುದ್ರಮುನಿಯ ಕಣ್ಣು ತುಂಬಿಬಂದವು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಊರ ಮುಂದೆ ಇಷ್ಟು ಸಲೀಸಾಗಿ ತನ್ನನ್ನು ತಾನು ಇಳಿಸಿಕೊಂಡ ಮನುಷ್ಯನನ್ನು ಅವನು ಬೇರೆಲ್ಲೂ ನೋಡಿರಲಿಲ್ಲ. ಮೊದಲಿಗಿಂತ ಈಗಲೇ ಅಡ್ಡಬೀಳಬೇಕು ಅನ್ನಿಸಿತು.

ನಿಂಗನಗೌಡ ಗಂಟಲು ಸರಿಮಾಡಿಕೊಂಡ.

"ಅದೆಲ್ಲಾ ಖರೇ ಇರಬಹುದ್ರಿ. ಆದ್ರ ಬೆಲ್ಲ ಛಲೋ ಐತಿ ಅಂತ ಹೆಂಗ ಆತು? ಈಗ ಇವ ಹೊಗಳತಾನ. ತಪ್ಪು ಮಾಡ್ಯಾನಲ್ಲ, ತೀರಸಾಕ ಹೊಗಳಬೇಕು."

"ಅವ ಏನೂ ಹೇಳೂದು ಬ್ಯಾಡ," ಅಂದರು ಅಜ್ಜ. "ತಿನ್ನಲಿ. ನೀವು ನೋಡ್ರಿ."

ರುದ್ರಮುನಿ ದೊನ್ನೆ ಹಿಡಿದು ನಿಂತ.

"ನನ್ನ ವ್ರತ ಅಜ್ಜಾರ?"

"ನನ್ನ ಜ್ವರಕ್ಕ ನೀ ಯಾಕೋ ವ್ರತ ಹಿಡೀತಿ?"

ಅವನು ಬೆರಳು ಅದ್ದಿ ಬಾಯಿಗಿಟ್ಟ.

ಮೊದಲು ಏನೂ ಆಗಲಿಲ್ಲ. ಆಮೇಲೆ, ಮಡಚಿ ಕೂತು ಮರಗಟ್ಟಿದ ಕಾಲಿಗೆ ರಕ್ತ ಹರಿದ ಹಾಗೆ ನಾಲಿಗೆ ಜುಮುಗುಟ್ಟಿತು. ಸಿಹಿ ಬಂತು. ಬರೀ ಸಿಹಿಯಲ್ಲ. ಅದರ ಹಿಂದೆ ಹಸಿ ಕಬ್ಬಿನ ಜಲ್ಲೆ ಇತ್ತು, ಅದರ ಹಿಂದೆ ಒಲೆಯ ಹೊಗೆ ಸಣ್ಣಗೆ ಇತ್ತು. ಒಂದಿಷ್ಟು ನಿಂತು ಕರಗಿತು. ಕಡೆಗೆ ಗಂಟಲಲ್ಲಿ, ಅಜ್ಜ ಹೇಳಿದ ಹಾಗೆ, ಉಪ್ಪುಪ್ಪು ಉಳಿಯಿತು. ಹೊಳೆಸಾಲಿನ ಮಣ್ಣೇ ಬಂದು ನಾಲಿಗೆಗೆ ತನ್ನ ಗುರುತು ಹೇಳಿದ ಹಾಗಿತ್ತು.

ಅಬ್ಬಾ, ಇದನ್ನಾ ತಾನು ನೀರು ಸುರಿದು ಚೆಲ್ಲಿದ್ದು!

ಗಂಗವ್ವನ ಶೇಂಗಾ ಹಿಂಡಿ ಹೇಗಿರುತ್ತಿತ್ತೋ. ವರ್ಷವಿಡೀ ಬಾಗಿಲಲ್ಲಿ ನಿಂತು ನೀಡಿದ ಕೈಗಳು ಎಷ್ಟೋ. ಒಂದರ ರುಚಿಯೂ ಅವನಿಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಆದರೆ ನಾಚಿಕೆಗೂ ಹೊತ್ತಿರಲಿಲ್ಲ, ದೊನ್ನೆಯಲ್ಲಿ ಇನ್ನೂ ಬೆಲ್ಲ ಇತ್ತು. ಬೆರಳಿನಿಂದ ಬಳಿದ. ಅದು ಸಾಲದೆ ದೊನ್ನೆಯನ್ನೇ ಎತ್ತಿ ನೆಕ್ಕಿದ. ಗಡ್ಡಕ್ಕೆ ಮೆತ್ತಿತು, ಮೂಗಿನ ತುದಿಗೂ ಹತ್ತಿತು. ಸುತ್ತ ಊರು ನಿಂತಿದೆ ಅನ್ನುವುದು ಮರೆತೇಹೋಯಿತು. ಎಲೆಯ ಒಂದು ಚೂರು ಬಾಯಿಗೆ ಬಂತು. ಅದನ್ನೂ ಅಗಿದ.

ಆಮೇಲೆ ಬರಿದಾದ ದೊನ್ನೆಯನ್ನು ಬಾಳವ್ವನ ಕಡೆ ಚಾಚಿದ.

"ಇನ್ನೊಂದೀಟು ಹಾಕವ್ವಾ."

ಯಾರೂ ಉಸಿರೆತ್ತಲಿಲ್ಲ. ಬಾಳವ್ವ ಚಾಚಿದ ಕೈಯನ್ನೇ ನೋಡುತ್ತ ನಿಂತಳು. ಕಣ್ಣು ಕಾಣದ ಭರಮಪ್ಪ ಮರಿಗೆಯ ಅಂಚು ಬಿಟ್ಟು ಮುಖ ಮೇಲೆತ್ತಿದ.

"ಏನಾತವಾ? ಯಾಕ ಎಲ್ಲಾರೂ ಸುಮ್ಮನಾದ್ರು?"

"ದೊನ್ನಿ ಚಾಚ್ಯಾರ ಮಾವಾ."

"ಚಾಚ್ಯಾರ?"

"ಚಾಚ್ಯಾರ. ಎಲಿ ಸೈತ ತಿಂದಾರ."

ಮುದುಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿದ್ದವು.

ರುದ್ರಮುನಿಗೆ ಅರ್ಥವಾಗಲಿಲ್ಲ.

"ಯಾಕ? ಇನ್ನೊಮ್ಮೆ ಕೇಳಬಾರದೇನ್ರಿ? ತಪ್ಪಾತೇನು?"

ಅಷ್ಟು ಹೊತ್ತು ಬಿಗಿದುಕೊಂಡು ನಿಂತ ಜನ ಒಟ್ಟಿಗೇ ನಕ್ಕರು. ನಿಂಗನಗೌಡನೂ ನಕ್ಕ. ಹೋಗಿ ತನ್ನ ಎತ್ತುಗಳ ನೊಗ ಇಳಿಸಿದ.

"ಲೇ, ಹೊಳೀಗೆ ಹೋದ ಚಕ್ಕಡಿ ಕರೀರಿ," ಅಂತ ಕೂಗಿದ. "ಬಾಳವ್ವಾ, ನಂದು ಮೊದಲನೇ ಪಾಳಿ. ನನಗೂ ಒಂದು ದೊನ್ನಿ ಕೊಡು. ರೊಟ್ಟಿ ಬಡಿಯೋ ಕೈ ಅಂದಿದ್ದೆ, ಮನಸ್ಸಿನ್ಯಾಗ ಇಟ್ಟಕೋಬ್ಯಾಡ."

"ಇಟ್ಟಕೋತೀನ್ರಿ ಗೌಡ್ರ," ಅಂದಳು ಬಾಳವ್ವ, ದೊನ್ನೆ ತುಂಬುತ್ತ. "ರೊಟ್ಟಿನೂ ಕೊಡ್ತೀನಿ. ಹಚ್ಚಕೊಂಡು ತಿನ್ರಿ."

ಆಮೇಲೆ ಗಾಣದ ಮನೆಯಲ್ಲಿ ಯಾರು ಯಾರ ಮಾತು ಕೇಳಿದರೋ. ಮನೆಮನೆಯಿಂದ ರೊಟ್ಟಿ ಬಂದವು, ತುಪ್ಪ ಬಂತು. ಎತ್ತುಗಳು ಮತ್ತೆ ಗಾಣ ಸುತ್ತತೊಡಗಿದವು. ಬಾಳವ್ವ ಸೆರಗು ಬಿಗಿದು ಹುಟ್ಟು ಎತ್ತಿಕೊಂಡಳು. ಬೆಲ್ಲ ಬಾಯಿಗೆ ಹೋದವರೆಲ್ಲ ಒಂದು ಗಳಿಗೆ ಮಾತು ನಿಲ್ಲಿಸಿ, ಆಮೇಲೆ ಅಕ್ಕಪಕ್ಕದವರ ಮುಖ ನೋಡುತ್ತಿದ್ದರು. ತಮ್ಮ ಊರಿನ ಮಣ್ಣು, ತಮ್ಮ ಊರಿನ ನೀರು, ತಮ್ಮ ಊರಿನ ಹೆಣ್ಣುಮಗಳ ಕೈ. ಅದನ್ನು ಬಾಯಲ್ಲಿಟ್ಟುಕೊಂಡವರಿಗೆ ಒಂದಿಷ್ಟು ಸೊಕ್ಕು ಬಂದರೂ ತಪ್ಪಲ್ಲ.

ಅಜ್ಜ ಒಂದು ಬದಿಗೆ ಸಿಪ್ಪೆಯ ರಾಶಿಯ ಮೇಲೆ ಕೂತಿದ್ದರು. ಅವರ ಕೈಯಲ್ಲೂ ಒಂದು ದೊನ್ನೆ ಇತ್ತು. ಎದುರಿಗೆ ರುದ್ರಮುನಿ ಮೂರನೇ ದೊನ್ನೆಯಲ್ಲಿದ್ದ. ಅಜ್ಜ ಅವನ ಮುಖದಿಂದ ಕಣ್ಣು ತೆಗೆಯದೆ, ಮೆಲ್ಲಮೆಲ್ಲಗೆ ಬೆರಳು ಅದ್ದಿ ಚಪ್ಪರಿಸುತ್ತಿದ್ದರು.

ಬಾಳವ್ವ ಅದನ್ನು ಕಂಡಳು. ಹುಟ್ಟು ಬದಿಗಿಟ್ಟು ಹತ್ತಿರ ಬಂದಳು.

"ಅಜ್ಜಾರ, ನಿಮಗ ಏನೂ ಹತ್ತೂದಿಲ್ಲ ಅಂದ್ರಿ. ನನ್ನ ಸಲುವಾಗಿ ಸುಮ್ಮನ ತಿನಬ್ಯಾಡ್ರಿ."

ಆ ಮಾತಿಗೆ ರುದ್ರಮುನಿ ಥಟ್ಟನೆ ತಲೆ ಎತ್ತಿದ. ರುಚಿಯಿಲ್ಲದ ಗುರುಗಳ ಮುಂದೆ ತಾನು ಹೀಗೆ ಮೈಮರೆತು ತಿನ್ನುತ್ತಿದ್ದೆನಲ್ಲ ಅಂತ ಮುಖ ಕೆಂಪಾಯಿತು. ದೊನ್ನೆ ಕೆಳಗಿಟ್ಟು, ಹೆಗಲ ಮೇಲಿನ ವಸ್ತ್ರ ತೆಗೆದು, ಬಾಯಿ, ಗಡ್ಡ ಒರೆಸಿಕೊಳ್ಳಲು ಹೋದ.

ಅಜ್ಜ ಅವನ ಕೈ ಹಿಡಿದರು.

"ಒರಸಬ್ಯಾಡೋ ತಮ್ಮಾ. ನಾ ಇನ್ನೂ ಉಣ್ಣಾಕತ್ತೀನಿ."